ಅಪ್‌ಡೇಟ್: ಅಮ್ಮನ ಮಾತ್ರೆ ಕೊನೆಗೂ ಕೈ ಸೇರಿತು

ಅಮ್ಮನ ಶ್ವಾಸಕೋಶದ ಕ್ಯಾನ್ಸರ್‌ಗೆ ಡಾಕ್ಟರ್ ಹೇಳಿದ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಇದೆ, ನಮ್ಮಲ್ಲಿ ಇನ್ನೂ ಇಲ್ಲ, ತರಿಸೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ಮಾತ್ರೆ ಬಂತು. ದಾರಿ ತೋರಿಸಿದ ಎಲ್ಲರಿಗೂ ಕೈ ಮುಗಿಯುತ್ತೇನೆ.

ನೀವು ಹೇಳಿದ ಹಾಗೆ ಫಾರ್ಮ್ 12ಎ ಹಾಕಿದೆವು. ಸ್ವಂತ ಬಳಕೆಗೆ ಸ್ವಲ್ಪ ಪ್ರಮಾಣದ ಔಷಧಿ ತರಿಸಲು ಸಿಡಿಎಸ್‌ಸಿಒಗೆ, ಅಂದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಗೆ, ಕೊಡುವ ಅರ್ಜಿ ಅದು. ಒಪ್ಪಿದರೆ ಫಾರ್ಮ್ 12ಬಿ ಪರವಾನಗಿ ಸಿಗುತ್ತದೆ. ಕಸ್ಟಮ್ಸ್‌ನಲ್ಲಿ ಕೇಳುವುದೂ ಅದನ್ನೇ.

ನಮ್ಮ ಅರ್ಜಿ ಮೊದಲ ಸಲ ವಾಪಸ್ ಬಂತು. ಡಾಕ್ಟರ್ ಚೀಟಿಯಲ್ಲಿ ಅಮ್ಮನ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹೆಸರಿನ ಕೊನೆಗೆ. ಅಷ್ಟೇ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಹೆಸರು, ಡೋಸ್, ಮಾತ್ರೆಗಳ ಲೆಕ್ಕ ಎಲ್ಲಾ ಮೊದಲೇ ತಾಳೆ ನೋಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಇರುವವರಿಗೆ ಬೇರೆ ದಾರಿ ಇದೆ. ಹೊಸ ಔಷಧಗಳ ಬಗೆಗಿನ 2019ರ ನಿಯಮಗಳ ಪ್ರಕಾರ ಇಂಥ ಔಷಧಿ ತರಿಸಲು ಆಸ್ಪತ್ರೆಯೇ ಸಿಟಿ-24 ಅನ್ನುವ ಅರ್ಜಿ ಹಾಕಬಹುದು. ಹೊಸ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್ ಬಗ್ಗೆ ಕೇಳಿದ್ದ ಅಕ್ಕನಿಗೆ: ನಮ್ಮ ದೇಶದ ಟ್ರಯಲ್‌ಗಳ ಪಟ್ಟಿ ಇರುವ ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಕ್ಯಾನ್ಸರ್ ಹೆಸರು ಹಾಕಿ ಹುಡುಕಿ, ಸಿಕ್ಕಿದ್ದನ್ನು ಡಾಕ್ಟರಿಗೆ ತೋರಿಸಿ. ವಾಟ್ಸಾಪ್‌ನಲ್ಲಿ ಬಿಲ್ ಇಲ್ಲದೆ ಮಾರುವವರ ಹತ್ತಿರ ಮಾತ್ರ ಹೋಗಬೇಡಿ. ನನಗೂ ಅವರ ಹತ್ತಿರ ತಗೊಳ್ಳುವ ಆಸೆ ಹುಟ್ಟಿತ್ತು, ಡಾಕ್ಟರ್ ತಡೆದರು.

ಇವತ್ತು ಬೆಳಿಗ್ಗೆ ಅಮ್ಮ ಎರಡು ಇಡ್ಲಿ ತಿಂದು ಮೊದಲ ಮಾತ್ರೆ ನುಂಗಿದರು. ಮುಂದಿನ ಸ್ಕ್ಯಾನ್ ಆದ ಮೇಲೆ ಮತ್ತೆ ಬರೆಯುತ್ತೇನೆ.