ಸಿವಿಲಿಟಿಗೆ ಕನ್ನಡದಾಗ ಏನಂತೀರಿ? ಅರ್ಜೆಂಟ್ ಐತಿ

ಧಾರವಾಡದಿಂದ:
ನಮಸ್ಕಾರ್ರಿ ಎಲ್ಲಾರ್ಗೂ. ನಾಳೆ ಮುಂಜಾನೆ ಒಂದು ಮಾರ್ಕ್ಸ್ ಶೀಟ್ ಪ್ರಿಂಟಿಗೆ ಹೋಗೂದೈತಿ. ಇಲ್ಲೊಂದು ಕಾಲೇಜಿನಾಗ ಹುಡುಗ್ರಿಗೆ ಅಮೆರಿಕಾದ ಓಟರ್ ಐಡಿ ಕಾಯ್ದೆ (ಓಟ್ ಹಾಕೂ ಮುಂದ ಗುರುತಿನ ದಾಖಲೆ ತೋರ್ಸಬೇಕು ಅನ್ನೂದು) ಮ್ಯಾಲೆ ಪರ-ವಿರೋಧ ಲೇಖನ ಓದಿಸಿ ಅವ್ರ ಕಡಿಂದನ ಮಾರ್ಕ್ಸ್ ಹಾಕಸ್ತಾರ, ವಾದಕ್ಕ 10, ಪುರಾವೆಗೆ 10, 'ಸಿವಿಲಿಟಿ'ಗೆ 10. ನಾ 'ಸಭ್ಯತೆ' ಅಂತ ಹಾಕಿದ್ದೆ, ನಾವ ಬರದ ಎರಡು ಮಾದರಿ ಕೊಟ್ಟು ನೋಡಿದ್ರ ಎಡವಟ್ಟಾತು. ಟೆಕ್ಸಾಸಿನ 2011ರ ಕಾಯ್ದೆಯೊಳಗ ಬಂದೂಕಿನ ಲೈಸೆನ್ಸ್ ನಡೀತೈತಿ, ಸ್ಟೂಡೆಂಟ್ ಐಡಿ ನಡ್ಯಂಗಿಲ್ಲ, ಇದು ಶುದ್ಧ ಲಫಂಗತನ ಅಂದ ಲೇಖನಕ್ಕ 3. ಒಂದು ಕಾರ್ಡು ಮಾಡಿಸಿಕೊಳ್ಳಲೂ ಪುರಸೊತ್ತಿಲ್ಲದ ಬಂಧುಗಳಿಗೆ ದೇಶದ ಚಿಂತೆಯೇಕೆ ಅಂತ ನಯವಾಗಿ ಚುಚ್ಚಿದ್ದಕ್ಕ 9! ಬ್ಯಾರೆ ಪದ ಹೇಳ್ರಿ.

ಗದಗದಿಂದ:
ಸಭೆಗೆ ಸಲ್ಲುವವ ಸಭ್ಯ. ಪದದ್ದೇನೂ ತಪ್ಪಿಲ್ಲ, ಹುಡುಗ್ರಿಗೆ ಓದ್ಲಿಕ್ಕೆ ಬರೂದಿಲ್ಲ.

ಹಾವೇರಿಯಿಂದ:
ಎಲ್ಲಾದಕ್ಕೂ ಸಂಸ್ಕೃತನ ಬೇಕೇನ್ರಿ? 'ನಡೆನುಡಿ' ಅಂತ ಹಾಕ್ರಿ, ಅಚ್ಚಗನ್ನಡ. ಸೌಜನ್ಯ, ಶಿಷ್ಟತೆ ಅಂತ ಇನ್ನ ಯಾರೂ ತರಬ್ಯಾಡ್ರಿ.

ಧಾರವಾಡದಿಂದ:
ನಡೆನುಡಿಗೆ ಮಾರ್ಕ್ಸ್ ಕೊಟ್ರ ಕ್ಯಾರೆಕ್ಟರ್ ಸರ್ಟಿಫಿಕೇಟ್ ಆಕ್ಕೈತ್ರಿ ಸರ್.

ಹುಬ್ಬಳ್ಳಿಯಿಂದ:
ಲಫಂಗತನ ಅಂದದ್ದು ಕಾಯ್ದೆಗೆ, ಮಂದಿಗಲ್ಲ. ಬಂಧುಗಳೇ ಅಂದವ ಮಂದಿನ್ನ ತುಳದಾನ. ಸಭ್ಯತೆ ಬರೇ ಮಾತಿನ ಇಸ್ತ್ರಿ ನೋಡ್ತೈತಿ, ನಿಮಗ ಬೇಕಾದ್ದು 'ಮುಲಾಜು'. ಅರಬ್ಬಿಯ ಮುಲಾಹಜ಼ದಿಂದ ಬಂದದ್ದು, ಅಂದ್ರ ಎದುರಿನವನ್ನ ಗಮನದಾಗ ಇಟ್ಕೊಳ್ಳೂದು. ಎಷ್ಟ ಚಂದ ಐತಿ ನೋಡ್ರಿ!

ಗದಗದಿಂದ:
ಅರಬ್ಬಿಯೊಳಗ ಚಂದ ಇರಬಹುದು. ನಮ್ಮಲ್ಲೆ ಮುಲಾಜು ಅಂದ್ರ ಹಂಗು. ಸಾಲ ಕೊಟ್ಟವನ ಮುಲಾಜಿಗೆ ಸುಮ್ಮನಿದ್ದೆ ಅಂತೀವಿ. ಆ ತರ್ಕಕ್ಕ 'ಮರ್ಯಾದೆ' ಸಾಕಲ್ಲ.

ಹಾವೇರಿಯಿಂದ:
ಮತ್ತ ಸಂಸ್ಕೃತ.

ಹುಬ್ಬಳ್ಳಿಯಿಂದ:
ಸಣ್ಣಂದ್ರಾಗ ನಿಮ್ಮವ್ವ 'ಮರ್ಯಾದಿ ಕೊಟ್ಟು ಮಾತಾಡೋ' ಅಂತ ಬೈದಾಗ ಸಂಸ್ಕೃತದಾಗ ಬೈದ್ರೇನ್ರೀ?

ಹಾವೇರಿಯಿಂದ:
ಅವ್ವನ ಸುದ್ದಿ ಬ್ಯಾಡ. ಮೊದಲ ಆ 'ಓಟರ್ ಐಡಿ' ತಗೀರಿ. ಚುನಾವಣಾ ಆಯೋಗ 1993ರಾಗ ಫೋಟೋ ಕಾರ್ಡ್ ಶುರು ಮಾಡ್ತು, ಅದಕ್ಕ 'ಮತದಾರರ ಗುರುತಿನ ಚೀಟಿ' ಅಂತ ಹೆಸರೈತಿ.

ಗದಗದಿಂದ:
ಮತವೂ ಸಂಸ್ಕೃತನ ರೀ.

ಧಾರವಾಡದಿಂದ:
ಹೆಸರು ಬದಲ್ ಮಾಡಂಗಿಲ್ರಿ, ಗುರುತಿನ ಚೀಟಿ ಅಂದ್ರ ಹುಡುಗ್ರು ನಮ್ಮ ಕಾರ್ಡ್ ತಲ್ಯಾಗ ಇಟ್ಕೋತಾರ. ಇಲ್ಲಿ ಕಾರ್ಡ್ ಇಲ್ಲಾಂದ್ರ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತೋರ್ಸಿದ್ರೂ ನಡೀತೈತಿ, ಅಲ್ಲಿ ಜಗಳ ಯಾಕಂತನ ತಿಳ್ಯೂದಿಲ್ಲ ಅವ್ರಿಗೆ. ಕಡೀಗೆ 'ಎದುರಿನವರಿಗೆ ಕೊಟ್ಟ ಮರ್ಯಾದೆ' ಅಂತ ಹಾಕೇನಿ. ಉದ್ದ ಆತು, ಕಾಲಂ ಅಗಲ ಮಾಡ್ಸೇನಿ.

ಹಾವೇರಿಯಿಂದ:
ಕಾಲಂ ಅಲ್ಲ, ಅಂಕಣ.