ಮಂಜಿನ ಫೋಟೋಗೆ ಬಿಳಿ ಬಾರ್ಡರ್ ಹಾಕಿದರೆ ಅಂಚೇ ಕಾಣುತ್ತಿಲ್ಲ, ಏನು ಮಾಡಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಯ ಹಾಲ್‌ನಲ್ಲಿ ಮಳೆಗಾಲದ ಫೋಟೋಗಳ ಪ್ರದರ್ಶನ ಇಡುತ್ತಿದ್ದೇವೆ. ಎಲ್ಲಾ ತೀರ್ಥಹಳ್ಳಿ ಸುತ್ತಮುತ್ತಲಿನವು. ಕುಂದಾದ್ರಿ, ಕವಲೇದುರ್ಗ, ತುಂಬಿ ಹರಿಯುವ ತುಂಗೆ, ಗದ್ದೆ ನಾಟಿ. ಮೊಬೈಲ್‌ನಲ್ಲಿ ತೆಗೆದವು, 4000×3000 ಪಿಕ್ಸೆಲ್ ಇವೆ. 12×8 ಇಂಚಿನ ಪ್ರಿಂಟ್ ಹಾಕಿಸಬೇಕು. ಫ್ರೇಮ್ ಕಟ್ಟಿಸುವಷ್ಟು ದುಡ್ಡಿಲ್ಲ, ಹಾಗಾಗಿ ಫೋಟೋದಲ್ಲೇ ಬಾರ್ಡರ್ ಬರಲಿ ಅಂತ ಕಂಪ್ಯೂಟರ್‌ಗೆ ಜಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶ ಹಾಕಿಕೊಂಡೆ.

ಫಿಲ್ಟರ್ಸ್ ಮೆನುವಿನ ಡೆಕೋರ್ ಒಳಗೆ 'ಆ್ಯಡ್ ಬಾರ್ಡರ್' ಇದೆಯಲ್ಲ, ಅದರಲ್ಲಿ ಒಂದೊಂದು ಬದಿಗೆ ಒಂದೊಂದು ಛಾಯೆ ಬರುತ್ತದೆ. ನನಗೆ ಬೇಕಿರುವುದು ಸಾದಾ ಬಿಳಿ. ಇನ್ನೊಂದು ತೊಂದರೆ, ಮಂಜಿನ ಫೋಟೋಗಳಲ್ಲಿ ಆಕಾಶವೂ ಬಿಳಿ. ಬಾರ್ಡರ್ ಹಾಕಿದರೆ ಫೋಟೋ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. ಮಾದರಿಗೆ ಒಂದಕ್ಕೆ ಸುತ್ತಲೂ 40 ಪಿಕ್ಸೆಲ್ ಬಾರ್ಡರ್ ಹಾಕಿ ಪ್ರಿಂಟ್ ತೆಗೆಸಿದೆ. ಎಡಬಲಕ್ಕೆ ಬಾರ್ಡರ್ ಇದೆ, ಮೇಲೆ ಕೆಳಗೆ ಪೂರ್ತಿ ಮಾಯ. ತಿಳಿದವರು ದಾರಿ ತೋರಿಸಿ.

ಕಾಫಿಹೂವು:

ನಾನು ಫೋನ್‌ನಲ್ಲೇ ಮಾಡುತ್ತೇನೆ. ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ 'ಎಕ್ಸ್‌ಪ್ಯಾಂಡ್' ಟೂಲ್ ತೆಗೆದು, ವೈಟ್ ಆರಿಸಿ ಅಂಚು ಎಳೆದರೆ ಆಯಿತು. ಸ್ಟೇಟಸ್‌ಗೆ ಹಾಕಲು ಇಷ್ಟು ಸಾಕು. ಆದರೆ ಅಲ್ಲಿ ಇಷ್ಟೇ ಪಿಕ್ಸೆಲ್ ಅಂತ ಅಳತೆ ಕೊಡಲು ಆಗುವುದಿಲ್ಲ. ಪ್ರಿಂಟ್‌ಗೆ ಬೇರೆಯವರು ಹೇಳಲಿ.

ಹಳೇ ಡಾರ್ಕ್‌ರೂಮ್:

ತುಂಗಾತೀರ ಅವರೇ, ಮೊದಲು ಮಾಯವಾದ ಬಾರ್ಡರ್ ವಿಷಯ. ನಿಮ್ಮ ಫೋಟೋ 4:3 ಆಕಾರದ್ದು, ಕಾಗದ 3:2 ಆಕಾರದ್ದು. ಬಾರ್ಡರ್ ಸೇರಿ ನಿಮ್ಮ ಫೈಲ್ 4080×3080 ಆಗಿತ್ತು. ಕಾಗದ ತುಂಬುವ ಹಾಗೆ ಪ್ರಿಂಟ್ ತೆಗೆದರೆ ಎತ್ತರದಲ್ಲಿ 2720 ಮಾತ್ರ ಉಳಿಯುತ್ತದೆ. ಮೇಲೆ 180, ಕೆಳಗೆ 180 ಪಿಕ್ಸೆಲ್ ಹೋಯಿತು. ಬಾರ್ಡರ್ ಜೊತೆಗೆ ಸ್ವಲ್ಪ ಫೋಟೋ ಕೂಡ ಹೋಗಿದೆ, ನೋಡಿ.

ಅದಕ್ಕೇ ಕಾಗದದ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. 12×8 ಇಂಚು, ಇಂಚಿಗೆ 300 ಪಿಕ್ಸೆಲ್ ಅಂದರೆ 3600×2400. ಸುತ್ತಲೂ ಅರ್ಧ ಇಂಚು, ಅಂದರೆ 150 ಪಿಕ್ಸೆಲ್ ಬಿಡಿ. ಒಳಗೆ ಫೋಟೋಗೆ ಉಳಿಯುವುದು 3300×2100, ಅಂದರೆ 11:7. ಕ್ರಾಪ್ ಟೂಲ್‌ನಲ್ಲಿ 'ಫಿಕ್ಸ್ಡ್' ಟಿಕ್ ಮಾಡಿ, ಆಸ್ಪೆಕ್ಟ್ ರೇಶಿಯೋ 11:7 ಅಂತ ಕೊಟ್ಟು, ಏನು ಉಳಿಯಬೇಕು ಏನು ಹೋಗಬೇಕು ಅಂತ ನೀವೇ ನೋಡಿ ಕತ್ತರಿಸಿ. ಇದನ್ನು ಮಾತ್ರ ಲ್ಯಾಬ್‌ಗೆ ಬಿಡಬೇಡಿ. ಕವಲೇದುರ್ಗದ ಕಲ್ಲಿನ ಬಾಗಿಲಿನ ಮೇಲ್ಭಾಗ ಹೋಗಬೇಕೋ, ಮುಂದಿನ ಹುಲ್ಲು ಹೋಗಬೇಕೋ ಅಂತ ಮಶಿನ್‌ಗೆ ಹೇಗೆ ಗೊತ್ತಾಗಬೇಕು? ಆಮೇಲೆ 'ಸ್ಕೇಲ್ ಇಮೇಜ್'ನಲ್ಲಿ 3300×2100 ಮಾಡಿ.

'ಆ್ಯಡ್ ಬಾರ್ಡರ್'ನಲ್ಲಿ ಛಾಯೆ ಬದಲಾಗುವುದು 'ಡೆಲ್ಟಾ' ಅನ್ನುವ ಅಂಕಿಯಿಂದ. ಅದನ್ನು 0 ಮಾಡಿದರೆ ಒಂದೇ ಬಣ್ಣ ಬರುತ್ತದೆ. ಆದರೂ ನನ್ನ ಆಯ್ಕೆ ಇಮೇಜ್ ಮೆನುವಿನ 'ಕ್ಯಾನ್ವಾಸ್ ಸೈಜ್'. ಅಲ್ಲಿ ಕೊನೆಯ ಅಳತೆಯನ್ನೇ ನೇರವಾಗಿ ಬರೆಯಬಹುದು.

ಈಗ ಮಂಜಿನ ವಿಷಯ. ಇದಕ್ಕೆ ಎರಡು ಬಾರ್ಡರ್ ಬೇಕು. ಮೊದಲು ಒಂದು ಸಪೂರ ಬೂದು ಗೆರೆ, ಅದರ ಹೊರಗೆ ಅಗಲ ಬಿಳಿ. ಫೋರ್‌ಗ್ರೌಂಡ್ ಬಣ್ಣವನ್ನು ನಡು ಬೂದು, ಬಣ್ಣದ ಕೋಡ್ 808080 ಮಾಡಿಕೊಳ್ಳಿ. ಕ್ಯಾನ್ವಾಸ್ ಸೈಜ್‌ನಲ್ಲಿ ಅಗಲ ಎತ್ತರದ ನಡುವಿನ ಸರಪಳಿ ಗುರುತು ಬಿಚ್ಚಿ, 3308×2108 ಬರೆದು, 'ಸೆಂಟರ್' ಒತ್ತಿ. 'ರೀಸೈಜ್ ಲೇಯರ್ಸ್' ಎದುರು 'ಆಲ್ ಲೇಯರ್ಸ್', 'ಫಿಲ್ ವಿತ್' ಎದುರು ಫೋರ್‌ಗ್ರೌಂಡ್ ಕಲರ್ ಆರಿಸಿ. ಸುತ್ತಲೂ 4 ಪಿಕ್ಸೆಲ್‌ನ ಗೆರೆ ಬಂತು. ಪ್ರಿಂಟ್‌ನಲ್ಲಿ ಅದು ಮಿಲಿಮೀಟರ್‌ನ ಮೂರನೇ ಒಂದು ಭಾಗ, ಅಷ್ಟೇ. ಮತ್ತೆ ಕ್ಯಾನ್ವಾಸ್ ಸೈಜ್‌ಗೆ ಹೋಗಿ 3600×2400 ಬರೆದು, ಮತ್ತೆ ಸೆಂಟರ್ ಒತ್ತಿ, ಬಿಳಿ ತುಂಬಿಸಿ. ಗೆರೆ ಕಪ್ಪು ಮಾಡಬೇಡಿ. ಮಂಜಿನ ಫೋಟೋ ಮೆತ್ತಗೆ ಇರುತ್ತದೆ. ಕಪ್ಪು ಗೆರೆ ಹಾಕಿದರೆ ಕಣ್ಣು ಮೊದಲು ಗೆರೆಗೇ ಹೋಗುತ್ತದೆ, ಗುಡ್ಡಕ್ಕೆ ಅಲ್ಲ. ಗದ್ದೆಯ ಹಸಿರು ಫೋಟೋಗಳಿಗೆ ಗೆರೆಯ ಅಗತ್ಯವೇ ಇಲ್ಲ. ಆದರೆ ಒಂದೇ ಗೋಡೆಯ ಮೇಲೆ ಇಡುವುದರಿಂದ ಎಲ್ಲಕ್ಕೂ ಹಾಕಿ, ಒಂದೇ ಮನೆಯವು ಅನಿಸಬೇಕು.

ಬಾರ್ಡರ್ ತೀರ ಸಣ್ಣದೂ ಬೇಡ. ಬಾರ್ಡರ್‌ಲೆಸ್, ಅಂದರೆ ಕಾಗದದ ಅಂಚಿನವರೆಗೂ ತುಂಬುವ ಪ್ರಿಂಟ್‌ನಲ್ಲಿ ಮಶಿನ್ ಫೋಟೋವನ್ನು ಸ್ವಲ್ಪ ಹಿಗ್ಗಿಸುತ್ತದೆ, ಅಂಚು ಒಂದಿಷ್ಟು ಕತ್ತರಿಸಿ ಹೋಗುತ್ತದೆ. ಅರ್ಧ ಇಂಚಿನ ಬಾರ್ಡರ್‌ನಲ್ಲಿ ಒಂದು ಮಿಲಿಮೀಟರ್ ಹೋದರೆ ಯಾರಿಗೂ ತಿಳಿಯುವುದಿಲ್ಲ. ಮೂರು ಮಿಲಿಮೀಟರ್ ಬಾರ್ಡರ್‌ನಲ್ಲಿ ಹೋದರೆ ದೂರದಿಂದಲೇ ಸೊಟ್ಟ ಕಾಣುತ್ತದೆ.

ನಾವು ಡಾರ್ಕ್‌ರೂಮ್‌ನಲ್ಲಿ ಪ್ರಿಂಟ್ ಮಾಡುವಾಗ ಕಾಗದ ಇಡುವ ಚೌಕಟ್ಟು, ಅಂದರೆ ಈಸೆಲ್‌ನ ಲೋಹದ ಪಟ್ಟಿ ಕಾಗದವನ್ನು ಒತ್ತಿ ಹಿಡಿಯುತ್ತಿತ್ತು. ಪಟ್ಟಿಯ ಕೆಳಗೆ ಬೆಳಕು ಬೀಳುತ್ತಿರಲಿಲ್ಲ, ಅಷ್ಟು ಜಾಗ ಬಿಳಿಯಾಗಿ ಉಳಿಯುತ್ತಿತ್ತು. ಹಳೇ ಕಪ್ಪು ಬಿಳುಪು ಫೋಟೋಗಳ ಬಿಳಿ ಅಂಚು ಬಂದದ್ದು ಹಾಗೆ. ಫೋಟೋ ಹಿಡಿಯುವವರ ಬೆರಳು ಚಿತ್ರದ ಮೇಲೆ ಬೀಳದಂತೆಯೂ ಆಗುತ್ತಿತ್ತು. ನನಗೆ ಈಗಲೂ ಹೂವು, ಬಳ್ಳಿ, ಬಂಗಾರದ ಚೌಕಟ್ಟಿಗಿಂತ ಆ ಸಾದಾ ಬಿಳಿಯೇ ಇಷ್ಟ.

ಬೈಲುಸೀಮೆ ರಮ್ಯಾ:

ವಿಂಡೋಸ್ ಇದ್ದರೆ ಇರ್ಫಾನ್‌ವ್ಯೂ ಅನ್ನುವ ಫೋಟೋ ತಂತ್ರಾಂಶ ಕೂಡ ನೋಡಿ. ಸ್ವಂತ ಬಳಕೆಗೆ ಉಚಿತ. 'ಬಿ' ಕೀಲಿ ಒತ್ತಿದರೆ ಬ್ಯಾಚ್ ಕಿಟಕಿ ತೆರೆಯುತ್ತದೆ, ಅಡ್ವಾನ್ಸ್ಡ್‌ನಲ್ಲಿ ಕ್ಯಾನ್ವಾಸ್ ಸೈಜ್ ಇದೆ. ಕ್ರಾಪ್ ಮಾತ್ರ ಕಣ್ಣಿಂದ ನೋಡಿ ಒಂದೊಂದಾಗಿ ಮಾಡಿ, ಬಾರ್ಡರ್ ಎಲ್ಲಕ್ಕೂ ಒಟ್ಟಿಗೆ ಹಾಕಬಹುದು. ಬಾರ್ಡರ್ ಹಾಕಿದ್ದನ್ನು ಬೇರೆ ಫೋಲ್ಡರ್‌ಗೆ ಸೇವ್ ಮಾಡಿ, ಮೂಲ ಫೋಟೋ ಹಾಗೇ ಇರಲಿ.

ತುಂಗಾತೀರ:

ಡೆಲ್ಟಾ ಸೊನ್ನೆ ಮಾಡಿ ನೋಡಿದೆ, ಸರಿಹೋಯಿತು. ಬೂದು ಗೆರೆ ಹಾಕಿದ ಮೇಲೆ ಕುಂದಾದ್ರಿಯ ಮಂಜು ಈಗ ಚೆನ್ನಾಗಿ ಕಾಣುತ್ತಿದೆ. ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ಪ್ರಶ್ನೆ: ಕೆಳಗಿನ ಬಿಳಿಯಲ್ಲಿ ಊರಿನ ಹೆಸರು ಕನ್ನಡದಲ್ಲಿ ಬರೆಯಬಹುದಾ? ನುಡಿ ತಂತ್ರಾಂಶದಿಂದ ಕಾಪಿ ಮಾಡಿದರೆ ಏನೇನೋ ಅಕ್ಷರ ಬರುತ್ತಿದೆ. ಉದ್ದ ಫೋಟೋಗಳಿಗೂ ಇದೇ ಲೆಕ್ಕವಾ?

ಹಳೇ ಡಾರ್ಕ್‌ರೂಮ್:

ಉದ್ದ ಫೋಟೋಗೆ ಅದೇ ಅಂಕಿಗಳನ್ನು ತಿರುಗಿಸಿ, ಒಳಗೆ 2100×3300, ಹೊರಗೆ 2400×3600.

ನುಡಿಯ ಹಳೇ ಫಾಂಟ್‌ನಲ್ಲಿ ಬರೆದದ್ದು ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ, ಅದಕ್ಕೇ ಹಾಗೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಆರಿಸಿ. ಒತ್ತಕ್ಷರ ಸರಿ ಬಂದಿದೆಯಾ ಅಂತ ದೊಡ್ಡದು ಮಾಡಿ ನೋಡಿ. ಹೆಸರಿಗೆ ಜಾಗ ಬೇಕಾದರೆ ಎರಡನೇ ಸಲ ಕ್ಯಾನ್ವಾಸ್ ಹಿಗ್ಗಿಸುವಾಗ, ಸೆಂಟರ್ ಒತ್ತಿದ ಮೇಲೆ ವೈ ಆಫ್‌ಸೆಟ್ (ಮೇಲಿನ ಬಿಳಿಯ ಅಳತೆ) 146 ಅಂತ ಬರುತ್ತದೆ, ಅದನ್ನು 110 ಮಾಡಿ. ಕೆಳಗೆ 182 ಸಿಗುತ್ತದೆ. ಅಕ್ಷರಕ್ಕೂ ಆ ಗೆರೆಯ ಬೂದು ಬಣ್ಣವೇ ಇರಲಿ, ಗಾತ್ರ ಚಿಕ್ಕದಿರಲಿ.

ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಕ್ವಾಲಿಟಿ 95 ಇಡಿ. ಲ್ಯಾಬ್‌ಗೆ ಪೆನ್‌ಡ್ರೈವ್‌ನಲ್ಲೇ ಕೊಡಿ. ವಾಟ್ಸಾಪ್ ಆದರೆ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಕ್ರಾಪ್ ಬೇಡ, ಆಟೋ ಕರೆಕ್ಷನ್ ಬೇಡ ಅಂತ ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆದುಕೊಡಿ.