ಸಹಾಯ ಬೇಕು: ಮನೆ ಕಟ್ಟಲು ಅರ್ಜಿ ಹಾಕುವ ಮೊದಲು ಜಾಗದಲ್ಲಿ ಏನೇನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ಹಳ್ಳಿ ಕಡೆ ಒಂದು ಖಾಲಿ ಜಾಗ ಇದೆ, ಮನೆ ಕಟ್ಟುವ ಯೋಚನೆ. ನಕ್ಷೆ ಮಾಡಿಸಿ ದುಡ್ಡು ಸುರಿದ ಮೇಲೆ ಪರವಾನಗಿ ಸಿಗಲಿಲ್ಲ ಅಂದರೆ ಕಷ್ಟ ಅಲ್ವಾ, ಅದಕ್ಕೇ ಮೊದಲು ಜಾಗ ನೋಡಿಕೊಳ್ಳುತ್ತಿದ್ದೇವೆ.

ಜಾಸ್ತಿ ತಲೆಬಿಸಿ ನೀರಿನದ್ದು. ಜಾಗ ಇಳಿಜಾರು. ಕೆಳಗಿನ ಮೂಲೆಯಲ್ಲಿ ಬೇಸಿಗೆಯಲ್ಲೂ ಜೊಂಡು ಹಸಿರಾಗಿ ನಿಂತಿರುತ್ತದೆ, ಅಲ್ಲಿಯ ಮಣ್ಣನ್ನು ಹಿಸುಕಿದರೆ ಅಂಟಂಟು ಉಂಡೆ. ಜೇಡಿ ಮಣ್ಣು, ನೀರು ಬೇಗ ಇಂಗುವುದಿಲ್ಲ. ಹಾಗಾದರೆ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರು ಎಲ್ಲಿಗೆ ಹೋಗಬೇಕು? ಪಕ್ಕದವರ ಬಾವಿ ಬೇರೆ ಕೆಳಗಡೆಯೇ ಇದೆ. ಗುಂಡಿ ತೋಡಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಟ್ಟು, ಮರುದಿನ ಮತ್ತೆ ತುಂಬಿ ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಅಳೆಯಬೇಕು, ಅಷ್ಟು ಗೊತ್ತು. ಒಣ ಕಾಲದಲ್ಲಿ ಅಳೆದರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣಿಸುವುದಿಲ್ವಾ? ಮಳೆಗಾಲದವರೆಗೆ ಕಾಯಬೇಕಾ? ಮಾಡಿಸಿದವರು ಹೇಳಿ.

ಇನ್ನೊಂದು ದಾರಿಯದ್ದು. ಗೇಟು ಬರುವ ಕಡೆಯೇ ರಸ್ತೆ ತಿರುವು, ಬೇಲಿಯ ಗಿಡಗಳಿಂದ ಎದುರಿನ ಗಾಡಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಗಿಡ ಸವರಿದರೆ ಸಾಕಾ, ಗೇಟನ್ನೇ ಸರಿಸಬೇಕಾ? ಆ ಗಿಡಗಳು ನಮ್ಮ ಗಡಿಯೊಳಗೇ ಇವೆಯಾ ಅನ್ನುವುದೂ ಅಳತೆ ಮಾಡಿಸಿದರಷ್ಟೇ ತಿಳಿಯುತ್ತದೆ. ಕರೆಂಟ್ ಕಂಬ ಹತ್ತಿರವೇ ಇದೆ, ಅದರ ಚಿಂತೆ ಇಲ್ಲ.

ಮೊದಲು ಯಾರನ್ನು ಕರೆಸಲಿ, ಸರ್ವೇಯರ್‌ನನ್ನಾ, ಮಣ್ಣು ಪರೀಕ್ಷೆಯವರನ್ನಾ?